ಕೋಲು ಬಿದ್ದ ಮೇಲೆ

ಉಮದಿಯ ಆಚೆ, ಮಲಕಾರಿಯ ಮನೂಕದ ಶೆಡ್ಡಿನಲ್ಲಿ
ಟಿವಿ ಇರುವುದು ಗಂಧಕದ ಚೀಲಗಳ ಮೇಲೆ.
ಹಸಿರು ಜಾಳಿಗೆ ಸೋಸಿದ ಬಿಸಿಲು
ಒಣದ್ರಾಕ್ಷಿ ಆರಿಸುವ ಹೆಂಗಸರ ಬೆರಳಿಗೆ
ಕೆರೆಯ ತಳದ ಬಣ್ಣ ಹಚ್ಚಿತ್ತು.
ಮಧ್ಯಾಹ್ನ ಮೂರೂವರೆ.
ಎಲ್ಲಿಯೋ ದೂರದ ದೇಶದಲ್ಲಿ ಆಗಲೇ ದೀಪ ಹೊತ್ತಿ
ನಮ್ಮ ನಾಲ್ವರು ಹುಡುಗಿಯರು
ನೀಲಿ ಅಂಗಿಯಲ್ಲಿ ಕಾಲು ಕೊಡವುತ್ತಿದ್ದರು.

ಶಾಲೆಯ ಮಕ್ಕಳನ್ನು ಕರೆತಂದವನು ನಾನೇ,
ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಡ್ರಿಲ್ ಮಾಸ್ತರ.
ಅವರೂ ನಾಲ್ವರು: ಮಾಯಕ್ಕ, ಮೆಹಜಬೀನ, ದುಂಡವ್ವ, ಪ್ರಣಾಲಿ.
"ಕೈಯಷ್ಟೇ ನೋಡ್ರಿ" ಎಂದಿದ್ದೆ.
"ಕಾಲು ಎಲ್ಲಾರಿಗೂ ಅದಾವ."

ವಿವರಣೆ ಹಿಂದಿಯಲ್ಲಿ. ದುಂಡವ್ವ ಅದನ್ನು
ಕನ್ನಡಕ್ಕೆ ತಿರುವಿ ಕಸ್ತೂರವ್ವನ ಕಿವಿಗೆ ಹಾಕುತ್ತಿದ್ದಳು,
ಒಂದು ಮಾತು ಹಿಂದೆ ಬಿದ್ದು, ಒಂದು ಮಾತು ತಾನೇ ಸೇರಿಸಿ.
ಮೊದಲ ಸುತ್ತು: ನಾವು ಮೂರನೆಯವರು.
ಎರಡನೆಯ ಸುತ್ತು: ಎರಡನೆಯವರು.
ಪದಕ ಬಂದಂತೆಯೇ, ಅಂದ ಟಿವಿಯವ.
"ಬಂತಂತ" ಅಂದಳು ದುಂಡವ್ವ.
ಕಸ್ತೂರವ್ವ ತಟ್ಟೆ ಕೆಳಗಿಟ್ಟು
ಸೆರಗಿಗೆ ಕೈ ಒರೆಸಿಕೊಂಡಳು,
ತನ್ನ ಕೈಗೇ ಕೊಡುತ್ತಾರೇನೋ ಎಂಬಂತೆ.

ಆಮೇಲೆ ಆ ಸದ್ದು.
ನಿಜವಾಗಿ ಕೇಳಿಸಲಿಲ್ಲ, ಅಷ್ಟು ಮಂದಿಯ ಗದ್ದಲ.
ಆದರೂ ನಾವೆಲ್ಲ ಕೇಳಿದೆವು:
ಟಣ್.
ಕೋಲು ಪುಟಿದು, ಉರುಳಿ, ಒಳಗಿನ ಹುಲ್ಲಿಗೆ ಹೋಯಿತು,
ಯಾವ ಅವಸರವೂ ಇಲ್ಲದೆ.

ಮೂರನೆಯವಳು ಬಗ್ಗಿದಳು.
ಟಿವಿ ಅವಳನ್ನು ಬಿಟ್ಟು ಮುಂದಿನವರ ಬೆನ್ನು ಹತ್ತಿತು.
ಒಂದೇ ಒಂದು ಸಲ, ಗೆರೆಯ ಬಳಿ,
ನಮ್ಮ ನಾಲ್ಕನೆಯವಳು ಕಂಡಳು.
ಪಕ್ಕದವರೆಲ್ಲ ಕೋಲು ಇಸಿದುಕೊಂಡು ಹೋಗಿಯಾಗಿತ್ತು.
ಅವಳೊಬ್ಬಳೇ ನಿಂತಿದ್ದಳು
ಕತ್ತು ಹೊರಳಿಸಿ, ಕೈ ಹಿಂದೆ ಚಾಚಿ, ಹೆಬ್ಬೆರಳು ಬಿಡಿಸಿ,
ನಾನು ಕಲಿಸುವ ಹಾಗೇ, ಅಂಗೈ ಮೇಲೆ.
ಅಷ್ಟರಲ್ಲಿ ಸಿಮೆಂಟಿನ ಜಾಹೀರಾತು.

ಹೆಂಗಸರು ತಟ್ಟೆಗೆ ಮರಳಿದರು.
"ನಮ್ಮ ಹಣೇಬರಾನ ಇಷ್ಟ" ಅಂದು ಮಲಕಾರಿ
ಫೋನು ತೆಗೆದು ತಾಸಗಾವ ಪೇಟೆಯ ದರ ಕೇಳಿದ.

ಮರುದಿನ ಮರಾಠಿ ಪತ್ರಿಕೆಯಲ್ಲಿ ಪದಕಗಳ ಪಟ್ಟಿ,
ಬಂಗಾರ ಇಷ್ಟು, ಬೆಳ್ಳಿ ಇಷ್ಟು, ದೇಶಕ್ಕೆ ಐದನೆಯ ಜಾಗ.
ರಿಲೇಯ ಹೆಸರೇ ಇಲ್ಲ.
ವಿಜಯಪುರದಿಂದ ಬಸ್ಸಿನಲ್ಲಿ ಬರುವ ಕನ್ನಡ ಪತ್ರಿಕೆಯಲ್ಲಿ
ಒಂದೇ ಶಬ್ದ: ನಿರಾಸೆ.
ಮಾಯಕ್ಕ ಎರಡನ್ನೂ ಓದಿ ಕೇಳಿದಳು:
"ಸರ್, ಆಕಿ ಓಡಿದ್ಲೋ ಇಲ್ಲೋ?"
ನನಗೂ ಗೊತ್ತಿರಲಿಲ್ಲ.

ಆ ವಾರ ಮೈದಾನದಲ್ಲಿ ಆಟವೇ ಬೇರೆಯಾಯಿತು.
ಯಾರಿಗೂ ಮೊದಲು ಬರುವುದು ಬೇಡ.
ನಾಲ್ವರಿಗೂ ನಾಲ್ಕನೆಯವಳಾಗಬೇಕು,
ಸುಣ್ಣದ ಗೆರೆಯ ಮೇಲೆ ಕೈ ಚಾಚಿ ನಿಲ್ಲಬೇಕು.
ಕೋಲು ಬೀಳಿಸುವ ಪಾಳಿ ಮಾತ್ರ ಯಾರಿಗೂ ಒಲ್ಲೆ;
ಚೀಟಿ ಎತ್ತಿದರು, ಮೆಹಜಬೀನಳಿಗೆ ಬಂತು.
ಎಷ್ಟು ಚೆನ್ನಾಗಿ ಬೀಳಿಸಿದಳೆಂದರೆ
ತಾನೇ ಅತ್ತುಬಿಟ್ಟಳು.

ಶನಿವಾರ ಪ್ರಣಾಲಿಯ ಅಣ್ಣನ ಫೋನಿನಲ್ಲಿ ಒಂದು ತುಣುಕು ಸಿಕ್ಕಿತು.
ಗೆದ್ದವರು ತಮ್ಮ ಬಾವುಟ ಹೊದ್ದು ಅಪ್ಪಿಕೊಂಡಿದ್ದಾರೆ.
ಅವರ ಭುಜಗಳ ಸಂದಿಯಲ್ಲಿ, ಹಿಂದೆ,
ಎಡದಿಂದ ಬಲಕ್ಕೆ ಒಂದು ನೀಲಿ ಹಾಯುತ್ತದೆ.
ಎರಡು ಸೆಕೆಂಡು.
ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡಿದೆವು.
ಓಡ್ಯಾಳ್ರೀ ಸರ್! ಕೋಲೂ ಐತಿ ಕೈಯಾಗ!

ಶೆಡ್ಡಿನವರೆಗೂ ಓಡಿ ಕಸ್ತೂರವ್ವನಿಗೆ ಹೇಳಿದರು.
ಆಕೆ ತಲೆ ಎತ್ತಲಿಲ್ಲ.
ತೊಟ್ಟೊಂದನ್ನು ಚಿವುಟಿ ಒಗೆದು,
"ಓಡಲಾರದ ಏನ್ ಮಾಡ್ತಾಳ" ಅಂದಳು,
"ಕೈಗೆ ಬಂದ್ ಮ್ಯಾಲ?"

ನಮ್ಮಲ್ಲಿರುವ ಕೋಲು ಒಂದೇ:
ಮಲಕಾರಿಯ ತೋಟದ ಪೈಪಿನ ತುಂಡು,
ತುದಿ ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು.
ಈಗ ಐದನೆಯ ಇಯತ್ತೆಯವರೂ ಬಂದು ಗೆರೆಯ ಮೇಲೆ ನಿಲ್ಲುತ್ತಾರೆ.
ಇನ್ನೊಂದು ಕೊಯ್ಯಬೇಕು.
ಗರಗಸದ ಬ್ಲೇಡು ಮೊಂಡಾಗಿದೆ.
ಸೋಮವಾರ ಜತ್ತಿಗೆ ಹೋದರೆ ತರಬೇಕು.